ರೈಫಲ್ ಕೇಸನ್ನು ಮತ್ತೆ ಅಳತೆಗೆ ತರುವುದು: ಮೇಜಿನಿಂದ ಕೊನೆಯ ತಪಾಸಣೆವರೆಗೆ

ಮನೆಯಲ್ಲಿ ರೀಲೋಡಿಂಗ್, ಅಂದರೆ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿ ಬಳಸುವುದನ್ನು, ಶುರು ಮಾಡಿದವರು ಸುತ್ತಿ ಬಳಸಿ ಕೇಳುವ ಪ್ರಶ್ನೆಗಳು ಮೂರೇ. ಕೇಸ್ ಡೈಯೊಳಗೆ (ಕೇಸನ್ನು ಹಿಂಡಿ ಅಳತೆಗೆ ತರುವ, ಅಂದರೆ ಸೈಜ್ ಮಾಡುವ ಅಚ್ಚು) ಸಿಕ್ಕಿಕೊಂಡಿದೆ, ಏನು ಮಾಡಲಿ? ಸೈಜ್ ಮಾಡಿದ ಮೇಲೂ ರೈಫಲ್‌ನ ಬೋಲ್ಟ್ (ತೋಟಾ ಕೂರುವ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಮುಚ್ಚುತ್ತಿಲ್ಲ, ಯಾಕೆ? ನಾಲ್ಕೈದು ಸಲ ಬಳಸುವಷ್ಟರಲ್ಲಿ ಕೇಸ್ ಬುಡದ ಹತ್ತಿರ ಸೀಳುತ್ತಿದೆ, ಹಿತ್ತಾಳೆಯೇ ಕಳಪೆಯಾ?

ಮೊದಲನೆಯದಕ್ಕೆ ಕಾರಣ ಲ್ಯೂಬ್, ಅಂದರೆ ಕೇಸ್ ಜಾರಲೆಂದು ಹಚ್ಚುವ ಜಿಡ್ಡು, ಸಾಲದಿರುವುದು. ಉಳಿದೆರಡಕ್ಕೂ ಹೆಚ್ಚಿನ ಸಲ ಕಾರಣ ಒಂದೇ: ಡೈ ಜೊತೆ ಬಂದ ಚೀಟಿಯಲ್ಲಿ ಬರೆದಂತೆಯೋ ಎಲ್ಲೋ ಕೇಳಿದಂತೆಯೋ ಡೈ ಕೂರಿಸಿದ್ದಾರೆ, ತಮ್ಮ ರೈಫಲ್ ಏನು ಕೇಳುತ್ತದೆ ಎಂದು ಅಳೆದಿಲ್ಲ. ಹಾಗಾಗಿ ಡೈ ಕೂರಿಸುವ ಹಂತಕ್ಕೆ ಇಲ್ಲಿ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಉದಾಹರಣೆಗೆ .308 ವಿಂಚೆಸ್ಟರ್ ಕೇಸು, ಬೋಲ್ಟನ್ನು ಕೈಯಿಂದ ಮುಚ್ಚುವ ಬೋಲ್ಟ್ ಆ್ಯಕ್ಷನ್ ರೈಫಲ್, ಒಂದು ಸಲಕ್ಕೆ ಒಂದೇ ಡೈ ಹಿಡಿದು ಹಿಡಿಕೆಯಿಂದ ಒತ್ತುವ ಸಿಂಗಲ್ ಸ್ಟೇಜ್ ಪ್ರೆಸ್ ತೆಗೆದುಕೊಳ್ಳೋಣ. ಬರಹ ಖಾಲಿ ಕೇಸಿನ ತನಕ ಮಾತ್ರ. ಯಾವ ಮದ್ದು, ಎಷ್ಟು ಮದ್ದು ಎಂಬುದನ್ನು ಮದ್ದು ತಯಾರಿಸುವ ಕಂಪನಿಯ ಈಗಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಬೇರೆ ಯಾರ ಮಾತಿನಿಂದಲೂ ಅಲ್ಲ, ನನ್ನ ಮಾತಿನಿಂದಲೂ ಅಲ್ಲ.

## ಮೊದಲು ಕಾನೂನು, ಎರಡೇ ಮಾತು

ಇದು ಅಮೆರಿಕದಲ್ಲಿರುವವರಿಗಾಗಿ ಬರೆದದ್ದು. ಅಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು. ರಾಜ್ಯದ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಿ. ಎಚ್-1ಬಿ, ಎಫ್-1ನಂಥ ವೀಸಾದಲ್ಲಿರುವ ನಮ್ಮವರು ಇದನ್ನು ಎರಡು ಸಲ ಓದಿ: ಬೇಟೆಯ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿ ಬಿಟ್ಟರೆ, ಫೆಡರಲ್ ಕಾನೂನಿನ ಪ್ರಕಾರ ನೀವು ಕೋವಿಯನ್ನೂ ಇಟ್ಟುಕೊಳ್ಳುವಂತಿಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಆ ಕಾನೂನಿನ ಲೆಕ್ಕದಲ್ಲಿ ಖಾಲಿ ಕೇಸು, ಪ್ರೈಮರ್ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಗುಂಡು, ಮದ್ದು ಒಂದೊಂದೂ 'ಆ್ಯಮ್ಯುನಿಷನ್' ಆಗುತ್ತದೆ.

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ತೋಟಾದ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಕೊಡಗಿನಲ್ಲಿ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿ, ತೋಟಾ ಮಾಡುವುದಕ್ಕಲ್ಲ. ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗನ್ನು ಸೂಟ್‌ಕೇಸ್ ಮಾಡಿಕೊಳ್ಳಬೇಡಿ. ಅದರ ಮೂಲೆಯಲ್ಲಿ ಉಳಿದ ಒಂದು ಖಾಲಿ ಕೇಸ್ ಸಾಕು, ವಿಮಾನ ನಿಲ್ದಾಣದಲ್ಲಿ ಪೊಲೀಸರ ಮುಂದೆ ಕೂರಿಸಲು.

## ಹಂತ 1: ಮೇಜು

ಪ್ರೆಸ್ ಹಿಡಿಕೆಯನ್ನು ಕೆಳಗೆ ಒತ್ತುವಾಗ ಮೇಜು ಮುಂದಕ್ಕೆ ವಾಲುತ್ತದೆ. ಮೇಲೆತ್ತುವಾಗ ನೆಲ ಬಿಟ್ಟು ಏಳಲು ನೋಡುತ್ತದೆ. ಮೇಜು ಅಲುಗಾಡಿದರೆ ಕೈಗೆ ಏನೂ ತಿಳಿಯುವುದಿಲ್ಲ. ಕೇಸ್ ಬಿಗಿಯಾಗಿ ಹೋಗುತ್ತಿದೆಯಾ, ಲ್ಯೂಬ್ ಸಾಲದಾ ಎನ್ನುವುದನ್ನು ಹೇಳುವುದೇ ಆ ಹಿಡಿಕೆ.

ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಹಾಳೆ ಅಂಟಿಸಿ ಸ್ಕ್ರೂ ಹೊಡೆದರೆ ಒಂದೂವರೆ ಇಂಚು ದಪ್ಪದ ಹಲಗೆ ಆಗುತ್ತದೆ. ಅಷ್ಟು ಸಾಕು. ಮೇಜಿನ ಹಿಂಬದಿಯನ್ನು ಗೋಡೆಯೊಳಗಿನ ಮರದ ಕಂಬಗಳಿಗೆ ಬಿಗಿಯಿರಿ. ಅಮೆರಿಕದ ಮನೆಗಳಲ್ಲಿ ಇವು ಸಾಮಾನ್ಯವಾಗಿ 16 ಇಂಚಿಗೆ ಒಂದರಂತೆ ಇರುತ್ತವೆ. ಬರೀ ಡ್ರೈವಾಲ್‌ಗೆ ಹೊಡೆದ ಸ್ಕ್ರೂ ಕಿತ್ತು ಬರುತ್ತದೆ. ಪ್ರೆಸ್ಸನ್ನು ಮೇಜಿನ ಕಾಲಿನ ನೇರಕ್ಕೆ, ಅಂಚಿಗೆ ಕೂರಿಸಿ. ಮರದ ಸ್ಕ್ರೂ ಬೇಡ, ಆರಪಾರ ಬೋಲ್ಟ್ ಹಾಕಿ, ಕೆಳಗೆ ಅಗಲ ವಾಷರ್ ಅಥವಾ ಕಬ್ಬಿಣದ ಪಟ್ಟಿ ಕೊಡಿ. ತೂತು ಕೊರೆಯುವ ಮೊದಲು ಪ್ರೆಸ್ಸನ್ನು ಸುಮ್ನೆ ಇಟ್ಟು ಹಿಡಿಕೆಯನ್ನು ಪೂರ್ತಿ ಕೆಳಗೆ ತಂದು ನೋಡಿ. ಮೊಣಕಾಲಿಗೋ ಡ್ರಾಯರ್‌ಗೋ ತಾಗುವುದು ಆಗಲೇ ಗೊತ್ತಾಗುತ್ತದೆ.

ಜಾಗ ಅಡುಗೆಮನೆಯಲ್ಲಿ ಬೇಡ, ವಾಟರ್ ಹೀಟರ್ ಪಕ್ಕದಲ್ಲಿ ಬೇಡ. ಸುಟ್ಟ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತದೆ. ಮೇಜಿನ ಹತ್ತಿರ ತಿಂಡಿ, ಕಾಫಿ ಲೋಟ ಇರಬಾರದು, ಚಿಕ್ಕ ಮಕ್ಕಳು ಬರಬಾರದು. ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮದ್ದು, ಪ್ರೈಮರ್ ಎರಡೂ ಕಂಪನಿಯ ಡಬ್ಬಿಯಲ್ಲೇ, ಈ ಮೇಜಿನಿಂದ ದೂರ ಬೀಗ ಹಾಕಿದ ಕಡೆ ಇರಲಿ. ಪ್ರೈಮರ್‌ಗಳನ್ನು ಗಾಜಿನ ಬಾಟಲಿಗೆ ಸುರಿಯುವುದಂತೂ ಬೇಡವೇ ಬೇಡ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ.

## ಹಂತ 2: ಏನೇನು ಬೇಕು

ಸಿಂಗಲ್ ಸ್ಟೇಜ್ ಪ್ರೆಸ್, .308ರ ಫುಲ್ ಲೆಂತ್ ಸೈಜಿಂಗ್ ಡೈ, ಅದಕ್ಕೆ ತಕ್ಕ ಶೆಲ್ ಹೋಲ್ಡರ್ (ಪ್ರೆಸ್‌ನಲ್ಲಿ ಕೇಸಿನ ಬುಡ ಹಿಡಿಯುವ ತುಂಡು). ಶೆಲ್ ಹೋಲ್ಡರ್ ನಂಬರ್ ಒಂದೊಂದು ಕಂಪನಿಗೆ ಒಂದೊಂದು. ಇದೇ ಕೇಸಿಗೆ ಆರ್‌ಸಿಬಿಎಸ್‌ನಲ್ಲಿ 3, ಹಾರ್ನಡಿಯಲ್ಲಿ 1, ಲೀಯ ಪ್ರೆಸ್ ಹೋಲ್ಡರ್‌ನಲ್ಲಿ 2. ನಂಬರ್ ನೋಡಿ ಬೇರೆ ಕಂಪನಿಯದು ತಂದು ಪರದಾಡುವವರು ಬೇಕಾದಷ್ಟು ಜನ.

ಆಮೇಲೆ 6 ಇಂಚಿನ ಡಿಜಿಟಲ್ ಕ್ಯಾಲಿಪರ್, ಕೇಸ್ ಲ್ಯೂಬ್, ಉದ್ದವಾದ ಕೇಸನ್ನು ಕತ್ತರಿಸುವ ಟ್ರಿಮ್ಮರ್, ಬಾಯಿಯ ಅಂಚು ಸವರುವ ಚಾಂಫರ್ ಉಪಕರಣ, ಪ್ರೈಮರ್ ಗುಂಡಿಯ ಬ್ರಷ್, ಕೇಸುಗಳನ್ನು ನಿಲ್ಲಿಸುವ ಬ್ಲಾಕ್, ಕನ್ನಡಕ.

ಜನ ದುಡ್ಡು ಉಳಿಸಲು ಹೋಗಿ ಬಿಟ್ಟುಬಿಡುವ ಉಪಕರಣ ಒಂದಿದೆ, ಹೆಡ್‌ಸ್ಪೇಸ್ ಕಂಪ್ಯಾರೇಟರ್. ಕ್ಯಾಲಿಪರ್ ದವಡೆಗೆ ಸಿಕ್ಕಿಸುವ ಒಂದು ತುಂಡು, ಅದರೊಳಗೆ .400 ಇಂಚು ತೂತಿನ ಬಿಲ್ಲೆ. ಕೇಸಿನ ಭುಜ, ಅಂದರೆ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು, ಆ ತೂತಿನಲ್ಲಿ ಕೂರುತ್ತದೆ. ಆಗ ಬುಡದಿಂದ ಭುಜಕ್ಕೆ ಎಷ್ಟು ದೂರ ಎಂದು ಅಳೆಯಬಹುದು. ಪ್ರೆಸ್ಸನ್ನು ಸೆಕೆಂಡ್ ಹ್ಯಾಂಡ್ ತಂದರೂ ನಡೆಯುತ್ತದೆ, ಇದಿಲ್ಲದೆ ನಡೆಯುವುದಿಲ್ಲ.

ಮುಂದೆಲ್ಲ 'ಥೌ' ಎಂದರೆ ಇಂಚಿನ ಸಾವಿರದ ಒಂದು ಭಾಗ. ಪೀಣ್ಯದಲ್ಲಿ ಲೇತ್ ಮುಂದೆ ನಿಂತವರಿಗೆ ಹೇಳಿಕೊಡಬೇಕಿಲ್ಲ.

## ಹಂತ 3: ವಿಂಗಡಿಸಿ, ಕೆಟ್ಟದ್ದನ್ನು ತೆಗೆಯಿರಿ

ಬುಡದ ಮೇಲಿನ ಮುದ್ರೆ ನೋಡಿ ಕಂಪನಿವಾರು ಬೇರೆ ಮಾಡಿ. ಗೋಡೆಯ ದಪ್ಪ ಬೇರೆಯಾದರೆ ಒಳಗಿನ ಜಾಗ ಬೇರೆಯಾಗುತ್ತದೆ, ಒತ್ತಡ ಬೇರೆಯಾಗುತ್ತದೆ. ಸೇನೆಯ 7.62 ನೇಟೋ ಕೇಸುಗಳು ಸಾಮಾನ್ಯವಾಗಿ ದಪ್ಪ, ಅವುಗಳ ಪ್ರೈಮರ್ ಸುತ್ತ ಒತ್ತಿ ಕಚ್ಚಿಸಿದ ಗುರುತೂ ಇರುತ್ತದೆ. ಅವನ್ನು ಪ್ರತ್ಯೇಕ ಇಡಿ.

ಕಬ್ಬಿಣ, ಅಲ್ಯುಮಿನಿಯಂ ಕೇಸುಗಳನ್ನು ಎಸೆಯಿರಿ. ಅಯಸ್ಕಾಂತ ಆಡಿಸಿದರೆ ಕಬ್ಬಿಣ ಅಂಟಿಕೊಳ್ಳುತ್ತದೆ. ಬಾಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಒಂದೇ ತೂತಿದ್ದರೆ ಸರಿ. ಎರಡು ಸಣ್ಣ ತೂತಿದ್ದರೆ ಅದು ಬರ್ಡನ್ ಪ್ರೈಮರ್ ಕೇಸು, ಪ್ರೈಮರನ್ನು ಹೊರಗೆ ದೂಡುವ ಡೈಯ ಸೂಜಿ ಅದರಲ್ಲಿ ಮುರಿಯುತ್ತದೆ.

ಕತ್ತಿನಲ್ಲಿ ಸೀಳು ಕಂಡರೆ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿ. ಹಾಗೇ ಹಾಕಿದ ಕೇಸ್ ಹೇಗೋ ಮತ್ತೆ ಬ್ಲಾಕಿಗೆ ಬಂದು ನಿಂತಿರುತ್ತದೆ.

## ಹಂತ 4: ಪ್ರೈಮರ್ ಕಳಚಿ ತೊಳೆಯುವುದು

ಮಸಿ ಮೆತ್ತಿದ ಕೇಸನ್ನು ಸೈಜಿಂಗ್ ಡೈಗೆ ತೂರಿಸಿದರೆ ಡೈಯೊಳಗೆ ಗೀರು ಬೀಳುತ್ತದೆ. ಒಮ್ಮೆ ಬಿದ್ದ ಗೀರು ಮುಂದಿನ ಎಲ್ಲ ಕೇಸಿನ ಮೇಲೂ ಉದ್ದ ಗೆರೆಯಾಗಿ ಕಾಣುತ್ತದೆ. ಅದಕ್ಕೇ ಪ್ರೈಮರ್ ಕಳಚಲು ಬೇರೆ ಡಿಕ್ಯಾಪಿಂಗ್ ಡೈ ಇಟ್ಟುಕೊಂಡರೆ ಒಳ್ಳೆಯದು. ಅದು ಕೇಸಿನ ಗೋಡೆ ಮುಟ್ಟುವುದಿಲ್ಲ. ಕಳಚಬೇಕಾದದ್ದು ಸುಟ್ಟ ಪ್ರೈಮರ್ ಮಾತ್ರ. ಸಿಡಿಯದ ಪ್ರೈಮರ್ ಇರುವ ಕೇಸನ್ನು ಈ ಸಾಲಿಗೆ ತರಬೇಡಿ.

ತೊಳೆಯಲು ಎರಡು ದಾರಿ. ಜೋಳದ ದಿಂಡಿನ ಅಥವಾ ವಾಲ್‌ನಟ್ ಚಿಪ್ಪಿನ ಪುಡಿಯಲ್ಲಿ ಅದುರಿಸುವುದು ಒಂದು. ಅದರ ಧೂಳಿನಲ್ಲಿ ಸೀಸ ಇರುವುದರಿಂದ ಮುಚ್ಚಳ ಹಾಕಿಯೇ ಓಡಿಸಬೇಕು, ಜರಡಿ ಹಿಡಿಯುವುದನ್ನು ಮನೆ ಹೊರಗೆ, ಮಾಸ್ಕ್ ಹಾಕಿ ಮಾಡಬೇಕು. ನೀರು, ಪಾತ್ರೆ ಸೋಪು, ಚಿಟಿಕೆ ಸಿಟ್ರಿಕ್ ಆ್ಯಸಿಡ್, ಸ್ಟೀಲ್ ಸೂಜಿಗಳೊಂದಿಗೆ ಉರುಳಿಸುವುದು ಇನ್ನೊಂದು. ಧೂಳಿಲ್ಲ, ಆದರೆ ಸೂಜಿ ಒಳಗೇ ಉಳಿಯಬಹುದು, ಒಣಗಲು ಹೊತ್ತು ಬೇಕು. ನನಗೆ ಎರಡನೆಯದೇ ಇಷ್ಟ, ಸೀಸದ ಕಾರಣಕ್ಕೆ.

ಬ್ರಾಸೋದಂಥ ಅಮೋನಿಯ ಇರುವ ಪಾಲಿಶ್ ಮುಟ್ಟಬೇಡಿ. ಕೇಸಿನ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಎಳೆತದಲ್ಲಿರುವ ಈ ಲೋಹಕ್ಕೆ ಅಮೋನಿಯ ತಾಗಿದರೆ ಕಣ್ಣಿಗೆ ಕಾಣದಂತೆ ಒಳಗೊಳಗೇ ಬಿರುಕು ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲೇ ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ತೋಟಾಗಳು ಹೀಗೆ ಬಿರಿಯುತ್ತಿದ್ದವು. ಕಾರಣ ಕುದುರೆ ಗಂಜಲದಿಂದ ಏಳುವ ಅಮೋನಿಯ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ದೇವರ ಪಾತ್ರೆಗೆ ಹಚ್ಚುವ ಹುಣಸೆಹಣ್ಣೂ ಬೇಡ. ಹುಳಿಯಲ್ಲಿ ಜಾಸ್ತಿ ಹೊತ್ತು ನೆನೆದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೇಸ್ ಸ್ವಚ್ಛ ಇದ್ದರೆ ಸಾಕು, ಫಳಫಳ ಹೊಳೆಯಬೇಕಾಗಿಲ್ಲ.

## ಹಂತ 5: ನಿಮ್ಮ ರೈಫಲ್‌ನ ಅಳತೆ ಬರೆದಿಟ್ಟುಕೊಳ್ಳಿ

ಸೈಜಿಂಗ್ ಡೈ ಮುಟ್ಟುವ ಮೊದಲೇ ಈ ಕೆಲಸ. ಅದೇ ರೈಫಲ್‌ನಲ್ಲಿ ಹೊಡೆದ, ಪ್ರೈಮರ್ ಕಳಚಿದ, ತೊಳೆದ ಕೇಸು ಐದಾರು ತೆಗೆದುಕೊಳ್ಳಿ. ಪ್ರೈಮರ್ ಒಳಗೇ ಇದ್ದರೆ ಅದು ಬುಡದಿಂದ ಒಂಚೂರು ಉಬ್ಬಿರಬಹುದು, ಅಳತೆ ಸುಳ್ಳಾಗುತ್ತದೆ. ಕಂಪ್ಯಾರೇಟರ್‌ನಲ್ಲಿ ಒಂದೊಂದನ್ನೂ ಅಳೆಯಿರಿ. ಎಲ್ಲಕ್ಕಿಂತ ಉದ್ದ ಬಂದ ಅಂಕಿಯನ್ನು ಹಾಳೆಯಲ್ಲಿ ಬರೆಯಿರಿ.

1.632 ಇಂಚು ಬಂತು ಅಂದುಕೊಳ್ಳಿ. ಬೋಲ್ಟ್ ಆ್ಯಕ್ಷನ್‌ಗೆ ಭುಜವನ್ನು ಇದಕ್ಕಿಂತ 2 ಥೌ ಹಿಂದೆ ತಳ್ಳಿದರೆ ಸಾಕು. ಅಂದರೆ ಗುರಿ 1.630. ಸೆಮಿ ಆಟೊಮ್ಯಾಟಿಕ್‌ಗೆ 3ರಿಂದ 5 ಥೌ ಬೇಕಾಗುತ್ತದೆ, ಅಲ್ಲಿ ಬೋಲ್ಟನ್ನು ತಳ್ಳಲು ನಿಮ್ಮ ಕೈ ಇರುವುದಿಲ್ಲ.

ಈ ಅಂಕಿ ನಿಮ್ಮ ಕಂಪ್ಯಾರೇಟರ್‌ನ ಅಂಕಿ. ಗೆಳೆಯನ ಉಪಕರಣದಲ್ಲಿ ಒಂದೆರಡು ಥೌ ಬೇರೆ ಬರಬಹುದು. ನಮಗೆ ಬೇಕಾದ್ದು ವ್ಯತ್ಯಾಸ ಮಾತ್ರ, ಹಾಗಾಗಿ ಪರವಾಗಿಲ್ಲ. ಆದರೆ ಅವನ ಅಂಕಿಯನ್ನು ತಂದು ನಿಮ್ಮ ಡೈಗೆ ಹಾಕಬೇಡಿ. ಒಂದೇ ಸಲ ಹೊಡೆದ ಕೇಸು ಚೇಂಬರ್ ತುಂಬ ಹಿಗ್ಗಿರುವುದೂ ಇಲ್ಲ. ಎರಡು ಮೂರು ಸಲ ಹೊಡೆದ ಮೇಲೆ ಮತ್ತೊಮ್ಮೆ ಅಳೆದು ಅಂಕಿ ತಿದ್ದಿಕೊಳ್ಳಿ.

## ಹಂತ 6: ಲ್ಯೂಬ್

ಮೇಣದಂಥ ಲ್ಯೂಬ್ ಆದರೆ ಬೆರಳ ತುದಿಗೆ ಸವರಿಕೊಂಡು ಕೇಸಿನ ಮೈಗೆ ತೆಳ್ಳಗೆ ಉಜ್ಜಿ. ಬುಡದ ಕಡೆಯ ಅರ್ಧ ಮರೆಯಬೇಡಿ, ಬಿಗಿ ಬೀಳುವುದು ಅಲ್ಲೇ. ಲ್ಯಾನೊಲಿನ್ ಮತ್ತು ಆಲ್ಕೊಹಾಲ್ ಬೆರೆಸಿದ ಸ್ಪ್ರೇ ಆದರೆ ಹೊಡೆದು, ಹೊರಳಿಸಿ, ಆಲ್ಕೊಹಾಲ್ ಆರುವ ತನಕ ಕಾಯಿರಿ. ಹಸಿಹಸಿಯಾಗಿಯೇ ಪ್ರೆಸ್‌ಗೆ ಹಾಕುವ ಅವಸರಕ್ಕೆ ಸಿಕ್ಕಿಕೊಂಡ ಕೇಸುಗಳು ಲೆಕ್ಕವಿಲ್ಲ.

ಭುಜಕ್ಕೆ ಹಚ್ಚಬೇಡಿ. ಲ್ಯೂಬ್‌ಗೆ ಹೋಗಲು ಜಾಗವಿಲ್ಲದೆ ಭುಜದ ಮೇಲೆ ತಗ್ಗು ಬೀಳುತ್ತದೆ. ತಗ್ಗು ಕಂಡರೆ ಲ್ಯೂಬ್ ಜಾಸ್ತಿಯಾಗಿದೆ, ಅಥವಾ ಡೈಯ ಗಾಳಿತೂತು ಮುಚ್ಚಿಕೊಂಡಿದೆ. ಕತ್ತಿನ ಒಳಗೂ ಒಂಚೂರು ಬೇಕು. ಹಿಡಿಕೆ ವಾಪಸ್ ಎತ್ತುವಾಗ ಕೀಚ್ ಎಂದು ಸದ್ದು ಬಂದರೆ ಕತ್ತಿನೊಳಗೆ ಹಾದು ಬರುವ ಡೈಯ ಉಂಡೆ ಒಣಗಿ ಎಳೆಯುತ್ತಿದೆ ಎಂದರ್ಥ. ಹಾಗೆ ಎಳೆದಾಗ ಭುಜವೂ ಜೊತೆಗೆ ಮುಂದೆ ಬರುತ್ತದೆ, ನೀವು ಕಷ್ಟಪಟ್ಟು ಇಟ್ಟ 2 ಥೌ ಅಲ್ಲೇ ಹೋಯಿತು.

## ಹಂತ 7: ಡೈ ಕೂರಿಸುವುದು

ಚೀಟಿ ಹೇಳುವುದು ಹೀಗೆ: ಶೆಲ್ ಹೋಲ್ಡರ್ ಮೇಲೆತ್ತಿ, ಡೈ ತಾಗುವ ತನಕ ತಿರುಗಿಸಿ, ಇನ್ನೂ ಕಾಲು ಸುತ್ತು ಕೊಡಿ. ಇದು ಜಗತ್ತಿನ ಎಲ್ಲ ರೈಫಲ್‌ಗೂ ಹೊಂದಬೇಕು ಎಂದು ಬರೆದ ಮಾತು. ನಿಮ್ಮ ರೈಫಲ್‌ಗೆ ಅದು ಅಗತ್ಯಕ್ಕಿಂತ ತುಂಬ ಜಾಸ್ತಿ ತಳ್ಳಬಹುದು. ಆಗ ಕೇಸ್ ಚೇಂಬರ್‌ನಲ್ಲಿ ಸಡಿಲವಾಗಿ ಕೂರುತ್ತದೆ. ಹೊಡೆದಾಗ ಮುಂಭಾಗದ ತೆಳು ಗೋಡೆ ಚೇಂಬರ್ ಕಚ್ಚಿಕೊಳ್ಳುತ್ತದೆ, ಬುಡ ಮಾತ್ರ ಹಿಂದೆ ಬೋಲ್ಟ್ ತನಕ ಹೋಗುತ್ತದೆ. ನಡುವೆ ಹಿಗ್ಗುವುದು ಬುಡದ ಸ್ವಲ್ಪ ಮೇಲಿನ ಹಿತ್ತಾಳೆ. ಪ್ರತಿ ಸಲ ಹಿಗ್ಗಿ, ತೆಳುವಾಗಿ, ಒಂದು ದಿನ ಅಲ್ಲೇ ಕತ್ತರಿಸುತ್ತದೆ.

ಚೀಟಿ ಬಿಟ್ಟು ಹೀಗೆ ಮಾಡಿ:

1. ಶೆಲ್ ಹೋಲ್ಡರ್ ಪೂರ್ತಿ ಮೇಲಿರಲಿ. ಡೈ ಅದಕ್ಕೆ ತಾಗುವ ತನಕ ಇಳಿಸಿ, ಆಮೇಲೆ ಅರ್ಧ ಸುತ್ತು ಹಿಂದೆ ತಿರುಗಿಸಿ.

2. ಲ್ಯೂಬ್ ಹಚ್ಚಿದ ಒಂದು ಕೇಸನ್ನು ಸೈಜ್ ಮಾಡಿ. ಹಿಡಿಕೆ ಕೆಳಗಿರುವಾಗ ಎರಡು ಮೂರು ಸೆಕೆಂಡ್ ಹಾಗೇ ಹಿಡಿಯಿರಿ. ಹಿತ್ತಾಳೆ ವಾಪಸ್ ಚಿಮ್ಮುವುದು ಕಡಿಮೆಯಾಗುತ್ತದೆ.

3. ಲ್ಯೂಬ್ ಒರೆಸಿ ಅಳೆಯಿರಿ. ಅಂಕಿ ಕಡಿಮೆಯಾಗುವ ಬದಲು ಜಾಸ್ತಿ ಆಗಿರಬಹುದು. 1.632 ಇದ್ದದ್ದು 1.634 ಆಗಿದ್ದರೆ ಗಾಬರಿ ಬೇಡ. ಡೈ ಕೇಸಿನ ಮೈಯನ್ನು ಸುತ್ತಲಿಂದ ಹಿಂಡಿದೆ, ಭುಜವನ್ನು ಇನ್ನೂ ಮುಟ್ಟಿಲ್ಲ. ಹಿಂಡಿದ ಹಿತ್ತಾಳೆ ಮುಂದಕ್ಕೆ ಹರಿದು ಭುಜವನ್ನು ತಳ್ಳಿದೆ.

4. ಡೈಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಮತ್ತೆ ಸೈಜ್ ಮಾಡಿ, ಅಳೆಯಿರಿ. ಡೈಯ ಮರೆಗಳು (ಥ್ರೆಡ್) ಇಂಚಿಗೆ 14. ಪೂರ್ತಿ ಒಂದು ಸುತ್ತಿಗೆ ಅದು 71 ಥೌ ಇಳಿಯುತ್ತದೆ. ಅಂದರೆ ಡೈಯ ಅಂಚು 1 ಮಿ.ಮೀ. ಸರಿದರೆ ಹತ್ತಿರಹತ್ತಿರ 1 ಥೌ. ಡೈಗೂ ಪ್ರೆಸ್‌ಗೂ ಸೇರಿ ಒಂದು ಮಾರ್ಕರ್ ಗೆರೆ ಎಳೆದುಕೊಂಡರೆ ಎಷ್ಟು ಸರಿದಿರಿ ಎನ್ನುವುದು ಕಣ್ಣಿಗೇ ಕಾಣುತ್ತದೆ.

5. 1.630 ಬಂದಾಗ ನಿಲ್ಲಿಸಿ. ಈಗ ಹೊಡೆದ, ಇನ್ನೂ ಸೈಜ್ ಮಾಡದ ಬೇರೆ ಕೇಸು ತೆಗೆದುಕೊಂಡು ಮಾಡಿ ನೋಡಿ. ನಾಲ್ಕು ಸಲ ಒಳಗೆ ಹೋಗಿ ಬಂದ ಕೇಸಿನ ಅಂಕಿ ನಂಬುವಂಥದ್ದಲ್ಲ.

6. ಕೇಸ್ ಡೈಯೊಳಗೆ ಇರುವಾಗಲೇ ಲಾಕ್ ರಿಂಗ್ ಬಿಗಿಯಿರಿ. ಡೈ ನೇರ ಕೂರುತ್ತದೆ. ಬಿಗಿದ ಮೇಲೆ ಮತ್ತೆ ಅಳೆಯಿರಿ, ಮರೆಯ ಸಡಿಲದಿಂದ ಒಂದು ಥೌ ಬದಲಾಗಿರಬಹುದು.

ಬೋಲ್ಟ್ ಮುಚ್ಚುತ್ತಿಲ್ಲ ಎನ್ನುವವರು ನಿಂತಿರುವುದು ಮೂರನೆಯ ಸಾಲಿನಲ್ಲಿ. ಕೇಸನ್ನು ಅತಿಯಾಗಿ ಸೈಜ್ ಮಾಡಬಾರದು ಎಂದು ಎಲ್ಲೋ ಕೇಳಿ ಡೈಯನ್ನು ಮೇಲೆತ್ತಿರುತ್ತಾರೆ, ಕೇಸ್ ಮೊದಲಿಗಿಂತ ಉದ್ದವಾಗಿರುತ್ತದೆ. ಕೇಸ್ ಸೀಳುತ್ತಿದೆ ಎನ್ನುವವರು ಕಾಲು ಸುತ್ತು ಕೊಟ್ಟವರು. ಇಬ್ಬರಿಗೂ ಪರಿಹಾರ ಅದೇ ಕಂಪ್ಯಾರೇಟರ್.

ಡೈ ಶೆಲ್ ಹೋಲ್ಡರ್‌ಗೆ ಗಟ್ಟಿಯಾಗಿ ತಾಗಿದ ಮೇಲೂ ಗುರಿ ಸಿಗದಿದ್ದರೆ ಹಿತ್ತಾಳೆ ಗಡಸಾಗಿರಬಹುದು. ಕಡಿಮೆ ಸಲ ಹೊಡೆದ ಕೇಸಿನಲ್ಲಿ ಒಮ್ಮೆ ನೋಡಿ, ಆಗಲೂ ಬರದಿದ್ದರೆ ಡೈ ಕಂಪನಿಗೆ ಬರೆಯಿರಿ. ಹಿಡಿಕೆಗೆ ಪೈಪ್ ಸೇರಿಸಿ ಒತ್ತುವ ಉಪಾಯ ಬೇಡ.

## ಹಂತ 8: ಕೇಸ್ ಸಿಕ್ಕಿಕೊಂಡರೆ

ಹಿಡಿಕೆ ಅರ್ಧದಲ್ಲಿ ಸಾಮಾನ್ಯಕ್ಕಿಂತ ಬಿಗಿಯಾಯಿತು ಅನಿಸಿದ ಕ್ಷಣವೇ ನಿಲ್ಲಿಸಿ ವಾಪಸ್ ಎಳೆಯಿರಿ. ಇನ್ನೊಂದು ಸ್ವಲ್ಪ ಒತ್ತಿದರೆ ಹೋದೀತು ಅಂತ ಒತ್ತಿದವರ ಕೇಸಿನ ಅಂಚು ಹರಿದು, ಉಳಿದದ್ದು ಡೈಯೊಳಗೇ ನಿಲ್ಲುತ್ತದೆ.

ಹಾಗಾದರೆ ಸುತ್ತಿಗೆ ತರಬೇಡಿ. ಸ್ಟಕ್ ಕೇಸ್ ರಿಮೂವರ್ ಎಂಬ ಕಿಟ್ ಸಿಗುತ್ತದೆ. ಒಳಗಿನ ಸೂಜಿ ಕಡ್ಡಿಯನ್ನು ಆದಷ್ಟು ಮೇಲೆ ಎಳೆದುಕೊಳ್ಳಿ, ಕೇಸಿನ ಬುಡದ ತೂತನ್ನು ಕಿಟ್‌ನ ಡ್ರಿಲ್‌ನಿಂದ ದೊಡ್ಡದು ಮಾಡಿ, ಟ್ಯಾಪ್‌ನಿಂದ ಮರೆ ಕೊರೆಯಿರಿ. ಆಮೇಲೆ ಕಿಟ್‌ನ ಬಟ್ಟಲಿಟ್ಟು ಬೋಲ್ಟ್ ತಿರುಗಿಸುತ್ತ ಬಂದರೆ ಕೇಸು ತಾನೇ ಇಳಿದು ಬರುತ್ತದೆ. ಬಂದ ಮೇಲೆ ಡೈಯೊಳಗೆ ಟಾರ್ಚ್ ಬಿಟ್ಟು ಹಿತ್ತಾಳೆ ಅಂಟಿದೆಯಾ ನೋಡಿ ಒರೆಸಿ.

## ಹಂತ 9: ಉದ್ದ ನೋಡಿ, ಕತ್ತರಿಸಿ

ಸೈಜ್ ಮಾಡಿದಾಗ ಕೇಸ್ ಉದ್ದವಾಗುತ್ತದೆ. ಆದ್ದರಿಂದ ಟ್ರಿಮ್ ಯಾವಾಗಲೂ ಸೈಜ್ ಮಾಡಿದ ಮೇಲೆ. ಲ್ಯೂಬ್ ಪೂರ್ತಿ ಒರೆಸಿ ಅಥವಾ ಮತ್ತೆ ತೊಳೆದು, ಒಟ್ಟು ಉದ್ದ ಅಳೆಯಿರಿ. .308ಕ್ಕೆ ಗರಿಷ್ಠ 2.015 ಇಂಚು, ಅಂದರೆ 51.18 ಮಿ.ಮೀ. ಅದಕ್ಕಿಂತ ಉದ್ದ ಇದ್ದರೆ 2.005ಕ್ಕೆ ತನ್ನಿ.

ಇದನ್ನು ಬಿಟ್ಟರೆ ಕೇಸಿನ ಬಾಯಿ ಚೇಂಬರ್ ತುದಿಗೆ ಒತ್ತಿ ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ. ಗುಂಡು ಬಿಡಿಸಿಕೊಳ್ಳಲಾಗದೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಕತ್ತರಿಸಿದ ಮೇಲೆ ಬಾಯಿಯ ಒಳ ಅಂಚು, ಹೊರ ಅಂಚು ಎರಡನ್ನೂ ಹಗುರವಾಗಿ ಸವರಿ. ಚಾಕುವಿನಂತೆ ಚೂಪಾಗುವ ತನಕ ತಿರುವಬೇಡಿ.

## ಹಂತ 10: ಕೊನೆಯ ತಪಾಸಣೆ

ಈಗ ಒಂದೊಂದು ಕೇಸನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಿ. ಬುಡದಿಂದ ಸುಮಾರು 1 ಸೆಂ.ಮೀ. ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ನಿಲ್ಲಿ. ಡೈ ಮೈ ಉಜ್ಜಿದ್ದರಿಂದಲೂ ಅಲ್ಲೊಂದು ಗೆರೆ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಎರಡರ ವ್ಯತ್ಯಾಸ ಹೊರಗಿನಿಂದ ಗೊತ್ತಾಗುವುದಿಲ್ಲ. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಚಿಕ್ಕ ಕೊಕ್ಕೆಯಾಗಿ ಬಗ್ಗಿಸಿ, ತುದಿ ಚೂಪು ಮಾಡಿ. ಕೇಸಿನೊಳಗೆ ತಳ ಮುಟ್ಟಿಸಿ ಗೋಡೆಗೆ ಒತ್ತಿ ನಿಧಾನಕ್ಕೆ ಮೇಲೆಳೆಯಿರಿ. ಉಂಗುರ ಇರುವ ಕಡೆ ಕೊಕ್ಕೆ ಹಳ್ಳಕ್ಕೆ ಬಿದ್ದಂತೆ ತಡೆದರೆ ಆ ಕೇಸಿನ ಆಯಸ್ಸು ಮುಗಿದಿದೆ. ಅದೇ ಕಂತಿನ, ಅಷ್ಟೇ ಸಲ ಹೊಡೆದ ಉಳಿದ ಕೇಸುಗಳನ್ನೂ ಒಂದೂ ಬಿಡದೆ ಹೀಗೆ ನೋಡಬೇಕು.

ಪ್ರೈಮರ್ ಗುಂಡಿಯನ್ನು ಬ್ರಷ್‌ನಿಂದ ಕೆರೆದು, ನಡುವಿನ ತೂತು ತೆರೆದಿದೆಯಾ, ಸ್ಟೀಲ್ ಸೂಜಿ ಕುಳಿತಿದೆಯಾ ನೋಡಿ. ಗುಂಡಿ ಸಡಿಲವಾದ ಕೇಸನ್ನು ಉಳಿಸಿಕೊಳ್ಳಬೇಡಿ. ಹೊಸ ಕೇಸುಗಳಲ್ಲೇ ಹೀಗಾಗುತ್ತಿದ್ದರೆ ಹಿಂದಿನ ಲೋಡಿನ ಒತ್ತಡ ಜಾಸ್ತಿ ಇತ್ತು ಎಂದು ಅದು ಹೇಳುತ್ತಿದೆ.

ಕೊನೆಗೆ, ರೇಂಜ್ ಅಥವಾ ಸುರಕ್ಷಿತ ಜಾಗದಲ್ಲಿ, ಖಾಲಿ ಕೇಸನ್ನೇ ರೈಫಲ್‌ಗೆ ಹಾಕಿ ಬೋಲ್ಟ್ ಮುಚ್ಚಿ ನೋಡಿ. ಹತ್ತಿರದಲ್ಲಿ ಜೀವಂತ ತೋಟಾ ಒಂದೂ ಇರಬಾರದು. ಬೋಲ್ಟ್ ಸಲೀಸಾಗಿ ಇಳಿದರೆ ಕೇಸುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ: ಯಾವ ರೈಫಲ್, ಯಾವ ಕಂಪನಿಯ ಕೇಸು, ಎಷ್ಟನೆಯ ಸಲ, ಭುಜದ ಅಂಕಿ ಎಷ್ಟು, ಟ್ರಿಮ್ ಆಗಿದೆಯಾ. ಮೇಜು ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣೀರು ಸೋಪಿನಲ್ಲಿ ಕೈ ತೊಳೆದು, ಆಮೇಲೆ ಊಟಕ್ಕೆ ಹೋಗಿ.